ಕುದಿ ಬಂದ ಮೇಲೆ ಉರಿ ಯಾಕೆ ಜೋರು?

ಬೇಳೆ ಬೇಗ ಬೇಯಲಿ ಅಂತ ಉರಿ ಜೋರು ಮಾಡುವವರನ್ನು ಕಂಡರೆ ನನಗೆ ಸುಮ್ನೆ ಇರಲಾಗುವುದಿಲ್ಲ. ಪಾತ್ರೆಯಲ್ಲಿ ನೀರು ಕುದಿಯತೊಡಗಿತು ಅಂದರೆ ಅದರ ಬಿಸಿ ಅಲ್ಲಿಗೆ ನಿಂತಿತು. ಮಂಗಳೂರಿನಲ್ಲಾದರೆ 100 ಡಿಗ್ರಿ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ, ಅಲ್ಲಿ ಸುಮಾರು 97ಕ್ಕೇ ಕುದಿಯುತ್ತದೆ. ಕೊತಕೊತ ಕುದಿಸಿದರೂ ಅಷ್ಟೇ, ಸಣ್ಣಗೆ ಕುದಿಸಿದರೂ ಅಷ್ಟೇ. ಜಾಸ್ತಿ ಸುಟ್ಟ ಗ್ಯಾಸೆಲ್ಲ ನೀರನ್ನು ಆವಿ ಮಾಡುವುದಕ್ಕೇ ಹೋಗುತ್ತದೆ. ಅದೇನು ಸಣ್ಣ ಖರ್ಚಲ್ಲ. ಒಂದು ಲೀಟರ್ ತಣ್ಣೀರನ್ನು ಕುದಿಗೆ ತರಲು ಎಷ್ಟು ಶಾಖ ಬೇಕೋ, ಕುದಿವ ಆ ನೀರನ್ನು ಪೂರ್ತಿ ಇಂಗಿಸಲು ಅದರ ಸುಮಾರು 7 ಪಟ್ಟು ಬೇಕು. ಹಾಗಾಗಿ ಕುದಿ ಬರುವ ತನಕ ಉರಿ ಜೋರಾಗಿರಲಿ, ಬಂದ ಮೇಲೆ ಸಿಮ್ ಮಾಡಿ ತಟ್ಟೆ ಮುಚ್ಚಿ.

ಕುಕ್ಕರಿನಲ್ಲಿ ಬೇಗ ಬೇಯುತ್ತದಲ್ಲ ಅಂತೀರಿ. ಅಲ್ಲಿ ಕೆಲಸ ಮಾಡುವುದು ಒತ್ತಡ. ಹಬೆಯನ್ನು ಹೊರಗೆ ಬಿಡದೆ ಹಿಡಿದಿಟ್ಟರೆ ನೀರು 120 ಡಿಗ್ರಿ ಹತ್ತಿರದ ತನಕ ಕಾಯುತ್ತದೆ. ಮೊದಲ ವಿಶಲ್ ಬಂತು ಅಂದರೆ ಒಳಗೆ ಬೇಕಾದಷ್ಟು ಒತ್ತಡ ಆಗಿದೆ ಅಂತಲೇ ಲೆಕ್ಕ. ಆಮೇಲೆ ಸಣ್ಣ ಉರಿಯಲ್ಲಿ ಹೊತ್ತು ನೋಡಿ ಇಳಿಸಿದರೆ ಸಾಕು. ವಿಶಲ್ ಎಣಿಸುತ್ತಾ ಕೂರುವುದು ಹಬೆಯನ್ನು ಮನೆ ತುಂಬಾ ಚೆಲ್ಲಿದ ಹಾಗೆ.

ಇನ್ನು ತಳ ಹಿಡಿಯುವ ವಿಷಯ. ಇದರಲ್ಲಿ ಎರಡು ಸಂಗತಿ ಸೇರಿಕೊಂಡಿವೆ. ನೀರು ಕಾಯುವಾಗ ತಳದ ನೀರು ಬಿಸಿಯಾಗಿ ಹಗುರಾಗಿ ಮೇಲೇಳುತ್ತದೆ, ಮೇಲಿನ ತಣ್ಣನೆಯದು ಕೆಳಗಿಳಿಯುತ್ತದೆ. ಯಾರೂ ಕೈಯಾಡಿಸಬೇಕಿಲ್ಲ, ತಾನೇ ಸುತ್ತುತ್ತದೆ. ಬಿಸಿನೀರಿನ ಸೋಲಾರ್‌ನಲ್ಲಿ ಟ್ಯಾಂಕನ್ನು ಫಲಕಕ್ಕಿಂತ ಮೇಲೆ ಕೂರಿಸುವುದೂ ಇದಕ್ಕೇ. ಕಾದ ನೀರು ಪಂಪಿಲ್ಲದೆ ತಾನಾಗಿ ಟ್ಯಾಂಕಿಗೆ ಏರುತ್ತದೆ. ಆದರೆ ಪಾಯಸ, ರಾಗಿ ಗಂಜಿ, ಗಟ್ಟಿ ತೊವ್ವೆ ಹೀಗೆ ಸುತ್ತುವುದಿಲ್ಲ. ತಳದ ಬಿಸಿ ತಳದಲ್ಲೇ ಉಳಿದು ಸೀಯುತ್ತದೆ. ಅದಕ್ಕೇ ಸೌಟು ಆಡಿಸುತ್ತಿರಬೇಕು, ಅದೂ ತಳ ಕೆರೆದು. ಮೇಲೆ ಮೇಲೆ ಆಡಿಸಿದರೆ ಏನು ಬಂತು?

ಎರಡನೆಯದು ಪಾತ್ರೆ. ಸ್ಟೀಲು ನೋಡಲು ಚೆಂದ, ಶಾಖ ಹರಡುವುದರಲ್ಲಿ ಬಹಳ ಮಂದ. ಅಲ್ಯೂಮಿನಿಯಂ ಅದಕ್ಕಿಂತ 10 ಪಟ್ಟಿಗೂ ಹೆಚ್ಚು, ತಾಮ್ರ 20 ಪಟ್ಟಿಗೂ ಹೆಚ್ಚು ಚೆನ್ನಾಗಿ ಹರಡುತ್ತದೆ. ತೆಳು ಸ್ಟೀಲ್ ಪಾತ್ರೆಯಲ್ಲಿ ಉರಿ ತಗುಲಿದ ಕಡೆ ಮಾತ್ರ ಸುಡುವುದು ಅದಕ್ಕೇ. ಹಾಲಿಗೆ, ಪಾಯಸಕ್ಕೆ ದಪ್ಪ ತಳದ್ದೇ ಒಂದು ಪಾತ್ರೆ ಇಟ್ಟುಕೊಳ್ಳಿ. ಇಲ್ಲವಾ, ಹಳೇ ಕಬ್ಬಿಣದ ಕಾವಲಿಯನ್ನು ಒಲೆಯ ಮೇಲಿಟ್ಟು ಅದರ ಮೇಲೆ ತೆಳು ಪಾತ್ರೆ ಇಡಿ. ಸ್ವಲ್ಪ ನಿಧಾನವಾಗುತ್ತದೆ, ಆದರೆ ಬಿಸಿ ಹರಡಿಕೊಂಡು ಬರುತ್ತದೆ.

ಕಾವಲಿ ಅಂದ ಮೇಲೆ ದೋಸೆ ಬಿಡುವುದು ಹೇಗೆ! ಕಾದ ಕಾವಲಿಗೆ ನಾಲ್ಕು ಹನಿ ನೀರು ಚಿಮುಕಿಸಿ ನೋಡಿ. ಚುಂಯ್ ಅಂತ ಕ್ಷಣದಲ್ಲಿ ಆರಿದರೆ ಹದ ಸರಿಯಾಗಿದೆ. ಹನಿ ಆರದೆ ಮಣಿಯ ಥರ ಉರುಳಾಡುತ್ತಾ ಕುಣಿದರೆ ಕಾವಲಿ ಅತಿಯಾಗಿ ಕಾದಿದೆ. ಆಗ ಹನಿಯ ಅಡಿಯಲ್ಲೇ ಹಬೆಯ ಪದರ ಹುಟ್ಟಿ, ಹನಿಯನ್ನು ಎತ್ತಿ ಹಿಡಿದು, ಕಾವಲಿಯ ಶಾಖ ಬೇಗ ತಾಗದ ಹಾಗೆ ತಡೆಯುತ್ತದೆ. ಲೈಡನ್‌ಫ್ರಾಸ್ಟ್ ಅನ್ನುವ ಜರ್ಮನ್ ವೈದ್ಯರು 1756ರಲ್ಲೇ ಇದರ ಬಗ್ಗೆ ಬರೆದಿದ್ದಾರೆ. ಅವರು ನೋಡಿದ್ದು ಕಾದ ಕಬ್ಬಿಣದ ಸೌಟಿನಲ್ಲಿ. ಅಂಥ ಕಾವಲಿಗೆ ಹಿಟ್ಟು ಹುಯ್ದರೆ ಹರಡಲು ಬಿಡದೆ ಸೌಟಿಗೇ ಸುತ್ತಿಕೊಂಡು ಬರುತ್ತದೆ. ಉರಿ ತಗ್ಗಿಸಿ, ಸ್ವಲ್ಪ ನೀರು ಚಿಮುಕಿಸಿ ಒರೆಸಿ, ಆಮೇಲೆ ಹುಯ್ಯಿರಿ.

ಬೇಸಿಗೆಯ ಮಾತಿಗೆ ಬಂದರೆ, ಕಿಟಕಿಗೆ ಒಳಗಿನಿಂದ ದಪ್ಪ ಪರದೆ ಕಟ್ಟಿ ಸುಮ್ಮನಾಗುತ್ತಾರೆ. ಬಿಸಿಲು ಗಾಜು ದಾಟಿತು ಅಂದರೆ ಶಾಖ ಮನೆಯೊಳಗೆ ಬಂದಾಯಿತು. ಹೊರಗಡೆಯೇ ಚಾಪೆಯನ್ನೋ ಬಿದಿರಿನ ತಟ್ಟಿಯನ್ನೋ ಇಳಿಬಿಡಿ. ತಾರಸಿಗೆ ಬಿಳಿ ಸುಣ್ಣ ಬಳಿದರೆ ಬಿಸಿಲು ತುಂಬಾ ಮಟ್ಟಿಗೆ ವಾಪಸ್ ಹೋಗುತ್ತದೆ. ಕಾಂಕ್ರೀಟ್ ಹಗಲೆಲ್ಲ ಕುಡಿದ ಬಿಸಿಯನ್ನು ರಾತ್ರಿ ಬಿಡುತ್ತದೆ, ಹಾಗಾಗಿ ಹಗಲು ಮುಚ್ಚಿ, ರಾತ್ರಿ ತೆರೆಯಿರಿ. ಒದ್ದೆ ಪರದೆ, ಮಡಕೆ ನೀರು ಇವೆಲ್ಲ ರಾಯಚೂರು, ಕಲಬುರಗಿ ಕಡೆಯ ಒಣ ಗಾಳಿಯಲ್ಲಿ ಚೆನ್ನಾಗಿ ತಂಪು ಕೊಡುತ್ತವೆ. ಕರಾವಳಿಯ ತೇವದ ಗಾಳಿಯಲ್ಲಿ ನೀರು ಆರುವುದೇ ಕಡಿಮೆ, ತಂಪೂ ಅಷ್ಟಕ್ಕಷ್ಟೇ. ಫ್ಯಾನು ಕೋಣೆಯನ್ನು ತಣ್ಣಗೆ ಮಾಡುವುದಿಲ್ಲ, ನಮ್ಮ ಮೈ ಬೆವರನ್ನು ಆರಿಸುತ್ತದೆ ಅಷ್ಟೇ. ಜನ ಇಲ್ಲದ ಕೋಣೆಯಲ್ಲಿ ಯಾರಿಗೆ ಗಾಳಿ? ಫ್ರಿಜ್ಜನ್ನು ಗೋಡೆಗೆ ಒತ್ತಿ ಇಡಬೇಡಿ. ಒಳಗಿನ ಶಾಖವನ್ನು ಅದು ಹೊರಗೆ ಬಿಡಬೇಕಲ್ವಾ, ಜಾಗ ಬೇಕು.

ಕೊನೆಗೆ ಕೈಯ ವಿಷಯ. ಒದ್ದೆ ಮಸಿ ಬಟ್ಟೆಯಲ್ಲಿ ಬಿಸಿ ಪಾತ್ರೆ ಇಳಿಸಲೇಬೇಡಿ. ಒಣ ಬಟ್ಟೆ ಕೈ ಕಾಯುವುದು ಎಳೆಗಳ ನಡುವೆ ಸಿಕ್ಕ ಗಾಳಿಯಿಂದ. ನೀರು ಗಾಳಿಗಿಂತ ಸುಮಾರು 20 ಪಟ್ಟು ಹೆಚ್ಚು ಶಾಖ ಸಾಗಿಸುತ್ತದೆ, ಬಟ್ಟೆ ಒದ್ದೆಯಾದರೆ ಬಿಸಿ ನೇರ ಕೈಗೇ. ಇಡ್ಲಿ ಪಾತ್ರೆಯ ಮುಚ್ಚಳವನ್ನು ನಿಮ್ಮ ಕಡೆ ಅಲ್ಲ, ಆಚೆ ಕಡೆಗೆ ಓರೆ ಮಾಡಿ ತೆಗೆಯಿರಿ. ಹಬೆ ಚರ್ಮಕ್ಕೆ ತಾಗಿ ನೀರಾಗುವಾಗ, ಆವಿ ಮಾಡಲು ನಾವು ಕೊಟ್ಟಿದ್ದೆವಲ್ಲ ಆ 7 ಪಟ್ಟು ಶಾಖ, ಅದನ್ನು ಅಲ್ಲೇ ಬಿಡುತ್ತದೆ. ಹಾಗಾಗಿ ಹಬೆಯ ಸುಡು ಬಿಸಿನೀರಿಗಿಂತ ಕೆಟ್ಟದ್ದು. ಸುಟ್ಟರೆ ಟೂತ್‌ಪೇಸ್ಟ್ ಬೇಡ, ಐಸ್ ಬೇಡ. ಬಳೆ, ಉಂಗುರ ತೆಗೆದು, ಹರಿಯುವ ನಲ್ಲಿ ನೀರಿನ ಕೆಳಗೆ 20 ನಿಮಿಷ ಕೈ ಹಿಡಿಯಿರಿ. ಒಳಗಿಳಿದ ಬಿಸಿ ಹೊರಬರಲು ಅಷ್ಟು ಹೊತ್ತು ಬೇಕು. ಗುಳ್ಳೆ ಎದ್ದರೆ ಒಡೆಯಬೇಡಿ. ಸುಟ್ಟ ಜಾಗ ಅಂಗೈಯಗಲ ಇದ್ದರೆ ಡಾಕ್ಟರ ಹತ್ತಿರ ಹೋಗಿ, ನಾಳೆ ನೋಡೋಣ ಅನ್ನಬೇಡಿ.