ಮೊದಲ ಸಾಲಿನ ಅಜ್ಜಿ ಮತ್ತು ನನ್ನ ಹಳೆಯ ಸೆಟ್

ಬೆಂಗಳೂರಿನ ಕೆಫೆ ಮತ್ತು ಪಬ್‌ಗಳಲ್ಲಿ, ಯಾರು ಬೇಕಾದರೂ ವೇದಿಕೆ ಹತ್ತಬಹುದಾದ ಓಪನ್ ಮೈಕ್‌ಗಳಲ್ಲಿ ಕನ್ನಡ ಸ್ಟ್ಯಾಂಡ್‌ಅಪ್ ಮಾಡುತ್ತ ಈ ವೃತ್ತಿಗೆ ಬಂದವನು ನಾನು. ಆರಂಭದ ವರ್ಷಗಳಲ್ಲಿ ನನ್ನ ಸೆಟ್ (ವೇದಿಕೆಯಲ್ಲಿ ಒಂದು ಬಾರಿಗೆ ಹೇಳುವ ಜೋಕುಗಳ ಸರಣಿ) ಎಂದರೆ ಮಲಗುವ ಕೋಣೆಯ ಮಾತು, ಜಾತಿಯ ಚುಚ್ಚು, ದೇವರ ಬಗ್ಗೆ ಕುಚೋದ್ಯ, ಜೊತೆಗೆ ಧಾರಾಳವಾದ ಬೈಗುಳ. ಈಗ ನನ್ನ ಆದಾಯದ ಬಹುಪಾಲು ಬರುವುದು ಅಪಾರ್ಟ್‌ಮೆಂಟ್ ಸಂಘಗಳ ರಾಜ್ಯೋತ್ಸವ, ಗಣೇಶನ ಪೆಂಡಾಲು, ಕಂಪನಿಗಳ ಫ್ಯಾಮಿಲಿ ಡೇ ಮತ್ತು ಹೊರದೇಶದ ಕನ್ನಡ ಕೂಟಗಳ ಕಾರ್ಯಕ್ರಮಗಳಿಂದ. ಹಳೆಯ ಗೆಳೆಯರಲ್ಲಿ ಕೆಲವರು ಇದನ್ನು ವಯಸ್ಸಿನ ಪರಿಣಾಮ ಎನ್ನುತ್ತಾರೆ, ಕೆಲವರು ರಾಜಿ ಎನ್ನುತ್ತಾರೆ, ಸಂಘಟಕರು ಮಾತ್ರ ಪ್ರಬುದ್ಧತೆ ಎಂದು ಹೊಗಳುತ್ತಾರೆ. ಮೂರರಲ್ಲೂ ಸ್ವಲ್ಪ ಸ್ವಲ್ಪ ಸತ್ಯವಿದೆ. ಆದರೆ ಎದುರಿನ ಕುರ್ಚಿಗಳಲ್ಲಿ ಯಾರು, ಯಾರ ಪಕ್ಕದಲ್ಲಿ ಕುಳಿತಿದ್ದಾರೆ ಎಂಬುದನ್ನು ಈ ಮೂವರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಓಪನ್ ಮೈಕ್‌ನಲ್ಲಿ ಹೊಸಬನಿಗೆ ಸಿಗುವುದು ನಾಲ್ಕೈದು ನಿಮಿಷ, ಸಂಭಾವನೆ ಇರುವುದಿಲ್ಲ. ಎದುರಿಗೆ ಕುಳಿತವರಲ್ಲಿ ಅರ್ಧದಷ್ಟು ಮಂದಿ ತಮ್ಮ ಸರದಿಗಾಗಿ ಕಾಯುತ್ತಿರುವ ಇತರ ಕಾಮಿಡಿಯನ್‌ಗಳೇ ಆಗಿರುತ್ತಾರೆ, ಮತ್ತು ಅವರು ಎಲ್ಲ ಬಗೆಯ ಜೋಕುಗಳನ್ನೂ ಕೇಳಿ ದಣಿದಿರುತ್ತಾರೆ. ಉಳಿದವರು ಇಪ್ಪತ್ತರ ಹರೆಯದವರು, ಸ್ನೇಹಿತರೊಂದಿಗೆ ಬಂದವರು. ಅಪ್ಪ ಅಮ್ಮನ ಪಕ್ಕದಲ್ಲಿ ಕುಳಿತವರು ಒಬ್ಬರೂ ಇರುವುದಿಲ್ಲ. ಇಂಥ ಕೋಣೆಯಲ್ಲಿ ಮೊದಲ ಹತ್ತು ಸೆಕೆಂಡಿನಲ್ಲೇ ಗಮನ ಸೆಳೆಯಬೇಕಾದರೆ ಆಡಬಾರದ ಮಾತನ್ನು ಆಡಿಬಿಡುವುದು ಎಲ್ಲಕ್ಕಿಂತ ಹತ್ತಿರದ ದಾರಿ. ಅದಕ್ಕೆ ನಗೆ ಬರುತ್ತದೆ, ಆದರೆ ಆ ನಗೆಯಲ್ಲಿ ಅರ್ಧ ಗಾಬರಿ ಸೇರಿರುತ್ತದೆ. ಐದು ನಿಮಿಷಕ್ಕೆ ಇದು ಸಾಕು. ಒಂದು ಗಂಟೆಯ ಟಿಕೆಟ್ ಪ್ರದರ್ಶನಕ್ಕೆ ಬಂದಾಗ ಮಾತ್ರ ತೊಂದರೆ ತಿಳಿಯುತ್ತದೆ: ಮೊದಲ ಬೈಗುಳಕ್ಕೆ ಬೆಚ್ಚಿ ನಕ್ಕವರು ಕಾಲು ಗಂಟೆಯ ಹೊತ್ತಿಗೆ ಅದಕ್ಕೆ ಒಗ್ಗಿಕೊಂಡಿರುತ್ತಾರೆ, ಆಮೇಲೆ ಇನ್ನೂ ದೊಡ್ಡದನ್ನು ಹುಡುಕಬೇಕಾಗುತ್ತದೆ, ಆ ಏಣಿಗೆ ಮೆಟ್ಟಿಲುಗಳು ಹೆಚ್ಚಿಲ್ಲ.

ಈ ಕಲೆ ದೊಡ್ಡದಾಗಿ ಬೆಳೆದ ಅಮೆರಿಕದಲ್ಲೂ ಇದೇ ಹಾದಿ ಕಾಣುತ್ತದೆ. ಹಾಸ್ಯನಟ ಎಡ್ಡಿ ಮರ್ಫಿ 1983ರಲ್ಲಿ, ತಮ್ಮ ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಚರ್ಮದ ಕೆಂಪು ಉಡುಪು ತೊಟ್ಟು ಮಾಡಿದ 'ಡೆಲಿರಿಯಸ್' ಪ್ರದರ್ಶನವನ್ನು ಇಂದು ಅವರ ಅಭಿಮಾನಿಗಳೂ ಮುಜುಗರವಿಲ್ಲದೆ ಪೂರ್ತಿ ನೋಡಲಾರರು. ಅದರಲ್ಲಿ ಸಲಿಂಗಿಗಳ ಬಗ್ಗೆ ಆಡಿದ ಮಾತುಗಳಿಗಾಗಿ ಅವರೇ ಮುಂದೆ ವಿಷಾದ ವ್ಯಕ್ತಪಡಿಸಿದರು. ಅದೇ ಮರ್ಫಿ 2001ರಲ್ಲಿ 'ಶ್ರೆಕ್' ಚಿತ್ರದ ಕತ್ತೆಗೆ ದನಿ ಕೊಟ್ಟು ಮಕ್ಕಳ ಮೆಚ್ಚಿನ ನಟರಾದರು. ಇಂದು ಅವರು ಹತ್ತು ಮಕ್ಕಳ ತಂದೆ. ಅವರಿಗೆ ಗುರುವಿನಂತಿದ್ದ ರಿಚರ್ಡ್ ಪ್ರಯರ್ ಕೂಡ 1984ರಲ್ಲಿ ಟೆಲಿವಿಷನ್‌ನಲ್ಲಿ ಶನಿವಾರ ಬೆಳಗಿನ ಮಕ್ಕಳ ಕಾರ್ಯಕ್ರಮವೊಂದನ್ನು ನಡೆಸಿದ್ದರು. ಪ್ರಯರ್ ಅವರ ವೇದಿಕೆಯ ಮಾತನ್ನು ಕೇಳಿದವರಿಗೆ ಇದು ನಂಬಲು ಕಷ್ಟ.

ಇಲ್ಲಿ ಒಂದು ಉಪಕಥೆಯಿದೆ, ಅದನ್ನು ನಾನು ಹೊಸಬರಿಗೆ ತಪ್ಪದೆ ಹೇಳುತ್ತೇನೆ. 1987ರ 'ರಾ' ಪ್ರದರ್ಶನದಲ್ಲಿ ಮರ್ಫಿ, ಹಿರಿಯ ಹಾಸ್ಯನಟ ಬಿಲ್ ಕಾಸ್ಬಿ ತಮಗೆ ಫೋನ್ ಮಾಡಿ ವೇದಿಕೆಯ ಮೇಲಿನ ಹೊಲಸು ಮಾತಿನ ಬಗ್ಗೆ ಉಪದೇಶ ಮಾಡಿದ್ದನ್ನು ಕಾಸ್ಬಿಯವರ ದನಿಯಲ್ಲೇ ಅನುಕರಿಸಿ ತೋರಿಸುತ್ತಾರೆ. ಆಗ ಕಾಸ್ಬಿ ಟಿವಿಯಲ್ಲಿ ಅಮೆರಿಕದ ಆದರ್ಶ ತಂದೆ. ಒಂದು ಕೆಟ್ಟ ಪದವನ್ನೂ ಬಳಸದೆ ಮನೆಮಂದಿಯನ್ನೆಲ್ಲ ನಗಿಸುವವರು. 2018ರಲ್ಲಿ ಅದೇ ಕಾಸ್ಬಿ ಲೈಂಗಿಕ ದೌರ್ಜನ್ಯದ ಪ್ರಕರಣದಲ್ಲಿ ಅಪರಾಧಿ ಎಂದು ತೀರ್ಪಾಗಿ ಸೆರೆಮನೆಗೆ ಹೋದರು. 2021ರಲ್ಲಿ ಪೆನ್ಸಿಲ್ವೇನಿಯದ ಸುಪ್ರೀಂ ಕೋರ್ಟ್ ಆ ತೀರ್ಪನ್ನು ಕಾನೂನು ಪ್ರಕ್ರಿಯೆಯ ಕಾರಣಕ್ಕಾಗಿ ರದ್ದುಪಡಿಸಿತು. ಆದ್ದರಿಂದ ಕುಟುಂಬದವರ ಮುಂದೆ ಆಡಬಹುದಾದ ಮಾತನ್ನೇ ಆಡುತ್ತೇನೆಂದ ಮಾತ್ರಕ್ಕೆ ಸಂಘಟಕರು ನನ್ನನ್ನು ಸಜ್ಜನನೆಂದು ಪರಿಚಯಿಸಿದಾಗ ನನಗೆ ಇರಿಸುಮುರಿಸಾಗುತ್ತದೆ. ಅದೊಂದು ಕಸುಬಿನ ಆಯ್ಕೆ, ನಡತೆಯ ಪ್ರಮಾಣಪತ್ರವಾಗಲಾರದು.

ಹಣದ ವಿಷಯವನ್ನು ಮುಚ್ಚಿಡುವುದು ಬೇಡ. ಕ್ಲಬ್‌ನಲ್ಲಿ ಟಿಕೆಟ್ ಹಣ ಜಾಗದವರಿಗೆ, ಸಂಘಟಕರಿಗೆ, ಜೊತೆಗಾರರಿಗೆ ಹಂಚಿಹೋಗಿ ನನ್ನ ಕೈಗೆ ಬರುತ್ತಿದ್ದುದು ಕೆಲವೊಮ್ಮೆ ಆಟೋ ಬಾಡಿಗೆಗೆ ಸಾಲುತ್ತಿತ್ತು, ಕೆಲವೊಮ್ಮೆ ಸಾಲುತ್ತಿರಲಿಲ್ಲ. ಒಂದು ಕಂಪನಿಯ ಕಾರ್ಯಕ್ರಮ ಅಂಥ ಅನೇಕ ಸಂಜೆಗಳ ಸಂಪಾದನೆಯನ್ನು ಒಂದೇ ಬಾರಿಗೆ ಕೊಡುತ್ತದೆ. ಆದರೆ ಅದರ ಒಪ್ಪಂದದ ಮೊದಲ ಪುಟದಲ್ಲೇ ರಾಜಕೀಯ, ಧರ್ಮ, ಜಾತಿ, ಲೈಂಗಿಕತೆ, ಬೈಗುಳ ಯಾವುದೂ ಬೇಡವೆಂದು ಬರೆದಿರುತ್ತದೆ. ಯೂಟ್ಯೂಬ್ ಕೂಡ ಬೈಗುಳ ತುಂಬಿದ ವೀಡಿಯೊಗೆ ಹಳದಿ ಗುರುತು ಹಾಕಿ ಜಾಹೀರಾತು ಕಡಿಮೆ ಮಾಡಬಲ್ಲದು. ಮದುವೆಯಾಗಿ, ಮಗುವಿನ ಶಾಲೆಯ ಶುಲ್ಕದ ಚೀಟಿ ಮನೆಗೆ ಬರತೊಡಗಿದ ಮೇಲೆ ಒಪ್ಪಂದದ ಆ ಪುಟವನ್ನು ಮೊದಲಿನಷ್ಟು ತಾತ್ಸಾರದಿಂದ ಓದಲಾಗುವುದಿಲ್ಲ.

ಭಯವೂ ಇದೆ, ಮತ್ತು ನಮ್ಮ ದೇಶದಲ್ಲಿ ಅದಕ್ಕೆ ತಾರೀಖುಗಳಿವೆ. 2014ರ ಡಿಸೆಂಬರಿನಲ್ಲಿ ಮುಂಬೈಯಲ್ಲಿ ನಡೆದ ಎಐಬಿ ಎಂಬ ಹಾಸ್ಯ ತಂಡದ ರೋಸ್ಟ್ (ಅತಿಥಿಗಳನ್ನು ಎದುರೇ ಗೇಲಿ ಮಾಡುವ) ಕಾರ್ಯಕ್ರಮದ ವೀಡಿಯೊವನ್ನು ದೂರುಗಳ ನಡುವೆ ಹಿಂತೆಗೆದುಕೊಳ್ಳಲಾಯಿತು. 2021ರ ಜನವರಿ 1ರಂದು ಇಂದೋರ್‌ನಲ್ಲಿ ಬಂಧಿತರಾದ ಕಾಮಿಡಿಯನ್ ಮುನವ್ವರ್ ಫಾರೂಕಿ ಸುಪ್ರೀಂ ಕೋರ್ಟ್ ಮಧ್ಯಂತರ ಜಾಮೀನು ಕೊಡುವವರೆಗೆ ತಿಂಗಳಿಗೂ ಹೆಚ್ಚು ಕಾಲ ಸೆರೆಯಲ್ಲಿದ್ದರು. ಅದೇ ವರ್ಷದ ನವೆಂಬರಿನಲ್ಲಿ ನಮ್ಮ ಬೆಂಗಳೂರಿನಲ್ಲೇ ನಡೆಯಬೇಕಿದ್ದ ಅವರ ಪ್ರದರ್ಶನ ರದ್ದಾಯಿತು. ಮರುವರ್ಷ ವೀರ್ ದಾಸ್ ಅವರ ಮಲ್ಲೇಶ್ವರದ ಪ್ರದರ್ಶನಕ್ಕೂ ಅದೇ ಗತಿಯಾಯಿತು. 2025ರ ಫೆಬ್ರುವರಿಯಲ್ಲಿ ಸಮಯ್ ರೈನಾ ಅಶ್ಲೀಲತೆಯ ದೂರುಗಳ ನಡುವೆ ತಮ್ಮ ಹಾಸ್ಯ ಕಾರ್ಯಕ್ರಮದ ಎಲ್ಲ ಕಂತುಗಳನ್ನೂ ಯೂಟ್ಯೂಬ್‌ನಿಂದ ತೆಗೆದುಹಾಕಿದರು. ಇವರೆಲ್ಲರೂ ವಕೀಲರನ್ನು ಇಟ್ಟುಕೊಳ್ಳಬಲ್ಲ ಹೆಸರುವಾಸಿಗಳು. ನನ್ನಂಥವನಿಗೆ ಠಾಣೆಗೆ ಒಮ್ಮೆ ಹೋಗಿಬರುವುದೇ ಒಂದು ತಿಂಗಳ ದುಡಿಮೆಯನ್ನು ನುಂಗುವ ವಿಷಯ. ಹಾಗಾಗಿ ಯಾರಾದರೂ ತಾನು ಮಾಗಿದ್ದೇನೆಂದು ಹೇಳಿದಾಗ, ಆ ಮಾಗುವಿಕೆಯಲ್ಲಿ ಎಷ್ಟು ಪಾಲು ಮುಂಜಾಗ್ರತೆ ಎಂದು ನಾನು ಮನಸ್ಸಿನಲ್ಲೇ ಅಂದಾಜು ಹಾಕುತ್ತೇನೆ. ನನ್ನ ವಿಷಯದಲ್ಲಿ ಅದು ಕಡಿಮೆಯೇನಲ್ಲ.

ಇನ್ನು ಕಸುಬಿನ ಮಾತು. ಹಳೆಯ ಸೆಟ್ ಅನ್ನು ಹೊಸ ಸಭೆಗೆ ಒಗ್ಗಿಸುವಾಗ ನಾನು ಮೊದಲು ಮಾಡಿದ್ದು ಫೋನಿನಲ್ಲಿದ್ದ ಪ್ರದರ್ಶನಗಳ ಧ್ವನಿಮುದ್ರಣಗಳನ್ನು ಕೇಳಿ, ಆಡಿದ್ದನ್ನು ಆಡಿದಂತೆಯೇ ಕಾಗದದ ಮೇಲೆ ಬರೆದುಕೊಂಡದ್ದು. ನಗೆ ಬಂದ ಜಾಗಗಳಿಗೆಲ್ಲ ಗುರುತು ಹಾಕಿದೆ. ಆ ನಗೆ ಬೈಗುಳದಿಂದಲೋ ದೇಹದ ಅಂಗವೊಂದರ ಹೆಸರಿನಿಂದಲೋ ಬಂದಿದ್ದರೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದೆ. ಆಮೇಲೆ ಕೆಂಪು ಸುತ್ತಿನೊಳಗಿನದನ್ನು ಬಿಟ್ಟು ಉಳಿದದ್ದನ್ನು ಯಾವ ಅಭಿನಯವೂ ಇಲ್ಲದೆ ಗಟ್ಟಿಯಾಗಿ ಓದಿದೆ. ಬಹಳಷ್ಟು ಕಡೆ ಉಳಿದದ್ದು ಏನೂ ಇರಲಿಲ್ಲ. ಅಲ್ಲಿ ಬೈಗುಳವೇ ಪಂಚ್‌ಲೈನ್ ಆಗಿತ್ತು, ಅವುಗಳನ್ನು ಪೂರ್ತಿ ಕೈಬಿಟ್ಟೆ. ಕೆಲವು ಕಡೆ ಬೈಗುಳ ಬರೀ ತಾಳ ಹಾಕುತ್ತಿತ್ತು. ಅಲ್ಲಿ ಅದೇ ತೂಕದ, ಅದೇ ಅಕ್ಷರಗಳ ಬಿಗಿಯಿರುವ ಬೇರೆ ಮಾತು ಬೇಕಾಗುತ್ತಿತ್ತು, ಮತ್ತು ಆ ಜಾಗದಲ್ಲಿ ನಮ್ಮಪ್ಪ ಸಿಟ್ಟು ಬಂದಾಗ ಆಡುವ 'ಹಾಳಾಗ್ ಹೋಗ್ಲಿ, ಫ್ಯಾನ್ ಆರ್ಸು' ಎಂಬಂಥ ವಾಕ್ಯಗಳು ಚೆನ್ನಾಗಿ ಕುಳಿತುಕೊಂಡವು. ಮೂರನೆಯ ಬಗೆಯೇ ನನಗೆ ಹೆಚ್ಚು ಲಾಭ ತಂದದ್ದು: ಹೊಲಸಿನ ಹಿಂದೆ ಒಂದು ನಿಜವಾದ ಅವಲೋಕನ ಅಡಗಿ ಕುಳಿತಿದ್ದು, ಬೇಗ ನಗೆ ಸಿಕ್ಕಿದ್ದರಿಂದ ನಾನು ಅದರವರೆಗೆ ಹೋಗಿರಲೇ ಇಲ್ಲ.

ಹೆಣ್ಣು ನೋಡುವ ಶಾಸ್ತ್ರದ ಬಿಟ್, ಅಂದರೆ ಸೆಟ್ಟಿನ ಒಂದು ತುಣುಕು, ಇದಕ್ಕೆ ಉದಾಹರಣೆ. ಹಳೆಯ ರೂಪದಲ್ಲಿ ಅದು ಗಂಡಿನ ಕಡೆಯವರು ಹುಡುಗಿಯನ್ನು ಮೇಲಿಂದ ಕೆಳಗೆ ನೋಡುವ ನೋಟದ ಅಶ್ಲೀಲ ವರ್ಣನೆಯಾಗಿತ್ತು. ಅದನ್ನು ತೆಗೆದಾಗ ಉಳಿದ ಪ್ರಶ್ನೆ, ಆ ಜನ ನಿಜವಾಗಿಯೂ ಏನನ್ನು ನೋಡಲು ಬಂದಿರುತ್ತಾರೆ ಎಂಬುದು. ಬೆಂಗಳೂರಿನಲ್ಲಿ ಅವರು ಮನೆಯನ್ನು ನೋಡುತ್ತಾರೆ. ಹೊಸ ರೂಪದಲ್ಲಿ ಹುಡುಗನ ತಂದೆ ಕೇಸರಿಬಾತು ಮುಗಿಸಿ, ಹುಡುಗಿಯ ಹೆಸರು ಕೇಳುವ ಮೊದಲು, 'ನಿಮ್ಮಲ್ಲಿ ಕಾವೇರಿ ನೀರೋ, ಬೋರ್‌ವೆಲ್ಲೋ?' ಎಂದು ವಿಚಾರಿಸುತ್ತಾರೆ. ಏಳು ನಿಮಿಷದ ನಂತರ, ಬೇರೆ ಯಾವುದೋ ಪ್ರಸಂಗದ ಮಧ್ಯದಲ್ಲಿ, ಹುಡುಗಿ ಸಂಬಂಧ ಬೇಡವೆಂದಳೆಂದು ಹೇಳಿ, ಕಾರಣವೇನೆಂದು ಕೇಳಿದಾಗ 'ಹುಡುಗ ಒಳ್ಳೆಯವನೇ, ಆದ್ರೆ ಟ್ಯಾಂಕರ್ ಮನೆ' ಎಂದಳು ಎಂಬ, ಹಿಂದಿನ ಜೋಕನ್ನು ನೆನಪಿಸುವ ಕಾಲ್‌ಬ್ಯಾಕ್ ಬರುತ್ತದೆ. ಬೇಸಿಗೆಯಲ್ಲಿ ಈ ಸಾಲಿಗೆ ಸಿಗುವ ನಗೆ ಮಳೆಗಾಲದಲ್ಲಿ ಸಿಗುವುದಿಲ್ಲ ಎಂಬುದನ್ನೂ ಗಮನಿಸಿದ್ದೇನೆ.

ಬೈಗುಳ ಹೋದಾಗ ಇನ್ನೊಂದು ವಿಚಿತ್ರ ನಡೆಯಿತು: ಒಂದು ಗಂಟೆಯ ಸೆಟ್ ನಲವತ್ತು ನಿಮಿಷದ ಆಸುಪಾಸಿಗೆ ಇಳಿಯಿತು. ತೆಗೆದ ಪದಗಳ ಉದ್ದ ಅಷ್ಟಿರಲಿಲ್ಲ. ಬೈದ ಮೇಲೆ ಸಭೆ ಸಾವರಿಸಿಕೊಳ್ಳಲಿ ಎಂದು ನಾನು ಕೊಡುತ್ತಿದ್ದ ವಿರಾಮಗಳೂ ಅವುಗಳೊಂದಿಗೆ ಹೋಗಿದ್ದವು. ನಿಲ್ಲಬೇಕಾದ ಜಾಗಗಳನ್ನು ಹೊಸದಾಗಿ ಕಲಿಯಲು ನಾನು ಹಾಸ್ಯೋತ್ಸವಗಳಿಗೆ ಹೋಗಿ ಕುಳಿತೆ. ಗಂಗಾವತಿ ಪ್ರಾಣೇಶ್, ಕೃಷ್ಣೇಗೌಡ, ಸುಧಾ ಬರಗೂರು, ರಿಚರ್ಡ್ ಲೂಯಿಸ್ ಮುಂತಾದವರನ್ನು ನಮ್ಮ ತಲೆಮಾರಿನ ಸ್ಟ್ಯಾಂಡ್‌ಅಪ್‌ನವರು ಹಾಸ್ಯ ಭಾಷಣಕಾರರೆಂದು ಕರೆದು ಸ್ವಲ್ಪ ದೂರವೇ ಇಡುತ್ತಿದ್ದೆವು. ಊರಿನ ಮೈದಾನದಲ್ಲಿ, ಹಿಂದಿನ ಸಾಲಿಗೆ ಮುಖವೂ ಕಾಣದ ದೂರದಿಂದ, ಸಾವಿರಾರು ಜನರನ್ನು ಮಾತೊಂದರಿಂದಲೇ ಹಿಡಿದಿಡುವುದನ್ನು ನೋಡಿದ ಮೇಲೆ ಆ ಗತ್ತು ಉಳಿಯುವುದು ಕಷ್ಟ. ನಾವು ಪಬ್‌ನಲ್ಲಿ ನಗೆ ನಿಲ್ಲುವ ಮೊದಲೇ ಮುಂದಿನ ಸಾಲಿಗೆ ಹಾರುತ್ತೇವೆ. ಮೈದಾನದಲ್ಲಿ ನಗೆ ಮುಂದಿನಿಂದ ಹಿಂದಕ್ಕೆ ಹೋಗಿ ಮುಗಿಯುವವರೆಗೆ ಕಾಯಬೇಕಾಗುತ್ತದೆ.

ಕುಟುಂಬ ಸಭೆಯ ಬಗ್ಗೆ ನಾನು ಕಲಿತದ್ದರಲ್ಲಿ ಮುಖ್ಯವಾದದ್ದು, ಅಲ್ಲಿ ನಗುವುದಕ್ಕೆ ಅನುಮತಿ ಬೇಕು ಎಂಬುದು. ಇಪ್ಪತ್ತೈದರ ಮಗ ತಂದೆಯ ಪಕ್ಕದಲ್ಲಿ ಕುಳಿತಿದ್ದಾನೆ ಎನ್ನಿ. ದ್ವಂದ್ವಾರ್ಥದ ಮಾತೊಂದು ಇಬ್ಬರಿಗೂ ಅರ್ಥವಾಗುತ್ತದೆ, ಇಬ್ಬರಿಗೂ ನಗು ಬರುತ್ತದೆ, ಆದರೆ ಇಬ್ಬರೂ ವೇದಿಕೆಯನ್ನೇ ದಿಟ್ಟಿಸುತ್ತ ಕಲ್ಲಿನಂತೆ ಕೂರುತ್ತಾರೆ. ಅದೇ ಜೋಕನ್ನು ಇಬ್ಬರಿಗೆ ಬೇರೆ ಬೇರೆ ಕೋಣೆಗಳಲ್ಲಿ ಹೇಳಿದ್ದರೆ ಗೆಲ್ಲುತ್ತಿತ್ತು. ಹಾಗಾಗಿ ಇಂಥ ಸಭೆಗೆ ಪರಸ್ಪರರನ್ನು ನೋಡಿಕೊಂಡು ನಗಬಹುದಾದ ವಸ್ತುವನ್ನು ಆರಿಸಬೇಕು: ಕವರಿನೊಳಗೆ ಕವರು ಕೂಡಿಡುವ ಅಮ್ಮ, ಗೀಸರ್ ಆರಿಸಿದೆಯಾ ಎಂದು ವಿಮಾನ ನಿಲ್ದಾಣದಿಂದ ಫೋನ್ ಮಾಡುವ ಅಪ್ಪ, ಪಕ್ಕದ ಕೋಣೆಯಿಂದ ವಾಟ್ಸಾಪ್‌ನಲ್ಲಿ ಕಾಫಿ ಕೇಳುವ ಮಗ. ಮೊದಲ ಎರಡು ನಿಮಿಷದಲ್ಲಿ ಹಿರಿಯರಿಗೆ ಕಿರಿಯರ ಮೇಲೆ ಒಂದು ಗೆಲುವು ಸಿಗುವಂತೆ ನೋಡಿಕೊಳ್ಳುತ್ತೇನೆ. ಮೊದಲ ಸಾಲಿನಲ್ಲಿ ಸಾಮಾನ್ಯವಾಗಿ ಒಬ್ಬ ಅಜ್ಜಿ ಇರುತ್ತಾರೆ. ಅವರು ನಕ್ಕರೆ ಸೊಸೆ ನಗುತ್ತಾಳೆ, ಸೊಸೆ ನಕ್ಕರೆ ಮೊಮ್ಮಗಳು ಫೋನಿನಿಂದ ತಲೆಯೆತ್ತುತ್ತಾಳೆ, ಅಲ್ಲಿಂದ ಮುಂದೆ ಸಭೆ ನನ್ನದು. ಪಬ್‌ನಲ್ಲಿ ಕುಡಿದು ನಡುವೆ ಬಾಯಿ ಹಾಕುವ ಹೆಕ್ಲರ್‌ನನ್ನು ಬಾಯಿ ಮುಚ್ಚಿಸುವುದು ಸುಲಭವಿತ್ತು. ಇಲ್ಲಿ ವೇದಿಕೆಗೆ ಓಡಿಬರುವ ಮೂರು ವರ್ಷದ ಮಗುವಿಗೆ ಎದುರುತ್ತರ ಕೊಡಲಾಗುವುದಿಲ್ಲ. ಮೈಕನ್ನು ಅದರ ಕೈಗೆ ಕೊಟ್ಟು ಅರ್ಧ ನಿಮಿಷ ಪಕ್ಕಕ್ಕೆ ನಿಲ್ಲುವುದು ವಾಸಿ.

ಹೊರದೇಶದ ಕನ್ನಡ ಕೂಟಗಳಲ್ಲಿ ಲೆಕ್ಕ ಸ್ವಲ್ಪ ಬೇರೆ. ಅಲ್ಲಿನ ಹಿರಿಯರ ಬೆಂಗಳೂರು ಅವರು ವಿಮಾನ ಹತ್ತಿದ ವರ್ಷಕ್ಕೇ ನಿಂತಿರುತ್ತದೆ. ಮೆಟ್ರೋ ಕುರಿತ ತಮಾಷೆಗಿಂತ ಬಿಟಿಎಸ್ (ಈಗಿನ ಬಿಎಂಟಿಸಿ) ಬಸ್ಸಿನ ತಮಾಷೆಗೆ ಹೆಚ್ಚು ಚಪ್ಪಾಳೆ.

ಸಭ್ಯವಾಗುವುದೆಂದರೆ ಹಲ್ಲು ಕಳೆದುಕೊಳ್ಳುವುದೇ ಎಂದು ಕೇಳುವವರಿಗೆ ನಾನು ಮಾಸ್ಟರ್ ಹಿರಣ್ಣಯ್ಯನವರನ್ನು ತೋರಿಸುತ್ತೇನೆ. 2019ರಲ್ಲಿ ತೀರಿಕೊಂಡ ಅವರು 'ಲಂಚಾವತಾರ' ನಾಟಕದಲ್ಲಿ ದಶಕಗಳ ಕಾಲ ಅಧಿಕಾರದಲ್ಲಿದ್ದವರನ್ನು ಆಯಾ ದಿನದ ಸುದ್ದಿಯನ್ನೇ ಹಿಡಿದು ಝಾಡಿಸಿದರು, ಮತ್ತು ಎದುರಿಗೆ ಮಕ್ಕಳು ಮರಿಗಳೊಂದಿಗೆ ಸಂಸಾರಗಳೇ ಕುಳಿತಿರುತ್ತಿದ್ದವು. ಅವರ ಮಟ್ಟದ ಧೈರ್ಯ ನನಗಿಲ್ಲ. ರಾಜಕೀಯದ ಬಿಟ್‌ಗಳನ್ನು ನಾನು ವೇದಿಕೆಯಲ್ಲಿ ಮಾಡುತ್ತೇನೆ, ವೀಡಿಯೊದಲ್ಲಿ ಹಾಕುವುದಿಲ್ಲ. ಪಕ್ಷದ ಹೆಸರಿನ ಬದಲು ರಸ್ತೆಗುಂಡಿಯ ಹೆಸರು ಹೇಳುತ್ತೇನೆ, ಸಭೆ ತನಗೆ ಬೇಕಾದ ಪಕ್ಷವನ್ನು ತುಂಬಿಕೊಳ್ಳುತ್ತದೆ. ಜಾತಿಯ ಬಿಟ್‌ಗಳಲ್ಲಿ ಈಗ ನನ್ನ ಮನೆಯವರದ್ದನ್ನು ಮಾತ್ರ ಉಳಿಸಿಕೊಂಡಿದ್ದೇನೆ. ಅದು ಒಪ್ಪಂದದ ಕಾರಣಕ್ಕೆ ಮಾಡಿದ ಬದಲಾವಣೆಯಲ್ಲ. ಧ್ವನಿಮುದ್ರಣ ಕೇಳುವಾಗ ಆ ಜೋಕುಗಳಿಗೆ ಯಾರು ನಗುತ್ತಿದ್ದರು ಎಂಬುದು ನನಗೆ ಹಿಡಿಸಲಿಲ್ಲ.

ಎಲ್ಲರೂ ಮಾಗಲೇಬೇಕೆಂಬ ನಿಯಮವೇನಿಲ್ಲ. ಅಶ್ಲೀಲ ಪದಗಳ ಪ್ರದರ್ಶನಕ್ಕಾಗಿ 1972ರಲ್ಲಿ ಮಿಲ್ವಾಕಿಯಲ್ಲಿ ಬಂಧನಕ್ಕೊಳಗಾದ ಜಾರ್ಜ್ ಕಾರ್ಲಿನ್ 1990ರ ದಶಕದಲ್ಲಿ ಟಿವಿಯಲ್ಲಿ ಅಮೆರಿಕದ ಪುಟ್ಟ ಮಕ್ಕಳಿಗೆ ಥಾಮಸ್ ಎಂಬ ರೈಲಿನ ಕತೆ ಹೇಳುವ ಕಂಡಕ್ಟರ್ ಆಗಿದ್ದರು. ಅದೇ ವರ್ಷಗಳಲ್ಲಿ ಅವರ ವೇದಿಕೆಯ ಮಾತು ಇನ್ನಷ್ಟು ಕಹಿಯಾಗುತ್ತ ಹೋಯಿತು. ನಾನೂ ಸಣ್ಣ ಪ್ರಮಾಣದಲ್ಲಿ ಎರಡೂ ಅಂಗಡಿ ಇಟ್ಟುಕೊಂಡಿದ್ದೇನೆ. ಹದಿನೆಂಟು ದಾಟಿದವರಿಗೆ ಮಾತ್ರವೆಂದು ಪೋಸ್ಟರಿನಲ್ಲೇ ಬರೆದು, ಫೋನುಗಳನ್ನು ಚೀಲಕ್ಕೆ ಹಾಕಿಸಿ, ಆಗಾಗ ತಡರಾತ್ರಿಯ ಒಂದು ಪ್ರದರ್ಶನ ಮಾಡುತ್ತೇನೆ. ಹೊಸ ಬಿಟ್‌ಗಳು ಹುಟ್ಟುವುದು ಅಲ್ಲೇ, ಹುಟ್ಟುವಾಗ ಅವುಗಳಲ್ಲಿ ಬೈಗುಳ ಇದ್ದೇ ಇರುತ್ತದೆ. ಕೆಂಪು ಶಾಯಿಯ ಕೆಲಸ ಮರುದಿನ ಮನೆಯಲ್ಲಿ ನಡೆಯುತ್ತದೆ.