ಕಾಂಡ್ಲಾದ ಹಿಂದೆ ಜಾಗ ಬಿಟ್ಟು ನೆಟ್ಟೆವು, ಉಳಿಯಿತು

ಉತ್ತರ ಕನ್ನಡದ ಅಘನಾಶಿನಿ ಹೊಳೆಯ ಗಜನಿ (ಉಪ್ಪುನೀರಿನ ಗದ್ದೆ) ಕಟ್ಟೆಗಳ ಹೊರಗೆ ಕಾಂಡ್ಲಾ, ಅಂದರೆ ಉಬ್ಬರದ ಉಪ್ಪುನೀರಲ್ಲಿ ಬೆಳೆಯುವ ಮ್ಯಾಂಗ್ರೋವ್ ಗಿಡ, ನೆಡುವವರು ಹೆಚ್ಚಾಗಿ ಹೊಳೆಯಂಚಿನ ಹಸಿ ರಾಡಿಗೇ ಇಳಿಯುತ್ತಾರೆ. ಅಲ್ಲಿ ಕೋಡು (ಮರದಲ್ಲೇ ಮೊಳೆತ ಉದ್ದನೆಯ ಬೀಜದ ಕಡ್ಡಿ) ಸಲೀಸಾಗಿ ಇಳಿಯುತ್ತದೆ, ಆದರೆ ಗಿಡ ಬಹಳ ಹೊತ್ತು ಮುಳುಗಿರುತ್ತದೆ. ಕಾಂಡಕ್ಕೆ ಬಾರ್ನಕಲ್ ಎಂಬ ಚಿಪ್ಪುಜೀವಿ ಹತ್ತಿ ಭಾರವಾಗಿ ಬಾಗುತ್ತದೆ, ಮಳೆಗಾಲದ ಸೆಳವಿಗೆ ಕಿತ್ತು ಹೋಗುತ್ತದೆ. ಎಕರೆಗೆ ಇಪ್ಪತ್ತು ಸಾವಿರ ರೂಪಾಯಿಯ ಹತ್ತಿರ ಸುರಿದು, ಎರಡನೇ ವರ್ಷಕ್ಕೆ ನೂರರಲ್ಲಿ ಹತ್ತೂ ಉಳಿಯದ ಜಾಗಗಳನ್ನು ಎಷ್ಟೋ ನೋಡಿದ್ದೇವೆ. ಕಡಲು ವರ್ಷಕ್ಕೆ ಮೂರು-ನಾಲ್ಕು ಮಿ.ಮೀ. ಏರುತ್ತಿರುವಾಗ ಆ ಅಂಚಿನಲ್ಲಿ ಉಳಿಯುವುದು ಇನ್ನೂ ಕಷ್ಟ.

ನಾವು ಮೇಲಕ್ಕೆ ಸರಿದೆವು. ದಿನದ ಉಬ್ಬರ ಬುಡ ತೋಯಿಸಿ ಇಳಿಯುವ ಮಟ್ಟದಲ್ಲಿ ಕಾಂಡ್ಲಾ, ಒಂದೂವರೆ ಮೀಟರ್ ಅಂತರದಲ್ಲಿ. ಹುಣ್ಣಿಮೆ-ಅಮಾವಾಸ್ಯೆಯ ನೀರಷ್ಟೇ ಬರುವಲ್ಲಿ ಉಪ್ಪಟಿ, ಮ್ಯಾಂಗ್ರೋವಿನ ಇನ್ನೊಂದು ಜಾತಿ. ಅದರಾಚೆ ಕಟ್ಟೆಯ ಬುಡದವರೆಗೆ ಏಳೆಂಟು ಮೀಟರ್ ಖಾಲಿ. ಆ ಖಾಲಿ ಜಾಗಕ್ಕೇ ಎಲ್ಲರ ತಕರಾರು: ಗಿಡ ಎಣಿಸಿ ಹಣ ಕೊಡುವವರಿಗೆ ಬರಿ ನೆಲ ತೋರಿಸುವುದು ಹೇಗೆ ಎಂದು. ಈಗ ಅಲ್ಲಿ ಉಪ್ಪಟಿ ಸಸಿಗಳು ತಾವಾಗಿಯೇ ಎದ್ದಿವೆ, ನೆಟ್ಟವಕ್ಕಿಂತ ಗಟ್ಟಿ. ನೀರು ಏರಿದಾಗ ಹಸಿರು ಹಿಂದೆ ಸರಿಯಬೇಕು, ಸರಿಯಲು ನೆಲ ಬೇಕು. ಕಟ್ಟೆಗೆ ಅಂಟಿಸಿ ನೆಟ್ಟರೆ ಆ ದಾರಿ ಮುಚ್ಚುತ್ತದೆ.

ಕೋಡು ಆರಿಸುವಾಗ ತಲೆಯ ಕೆಳಗಿನ ಕೊರಳು ಹಳದಿಗೆ ತಿರುಗಿರಬೇಕು. ಹಸಿರು ಕೊರಳಿನದು ಬಲಿತಿಲ್ಲ. ಮೂರನೇ ಒಂದು ಭಾಗ ಮಣ್ಣಿಗೆ. ಏಡಿ ಕಡಿಯುತ್ತದೆ, ಆದ್ದರಿಂದ ಕಾಲು ಪಾಲು ಹೆಚ್ಚು ಕೋಡು ಕಾದಿಟ್ಟಿರಲಿ. ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಕೂಲಿಗೇ ಹೋಗುತ್ತದೆ. ಇಳಿತ ಸಿಗುವುದೇ ಮೂರು-ನಾಲ್ಕು ಗಂಟೆ, ಸಂಬಳ ಇಡೀ ದಿನದ್ದು.

ಗಿಡದ ಬೇರು ಮಣ್ಣು ಹಿಡಿಯುತ್ತದೆ ಎಂದು ನಂಬದವರಿಗೆ ತೋರಿಸಿದ್ದು ಹೆಂಚು. ಬಚ್ಚಲುಮನೆಯ ಬಿಳಿ ಟೈಲ್ಸ್ ತುಂಡುಗಳನ್ನು ಗೇಣುದ್ದ ಆಳದಲ್ಲಿ ಮಟ್ಟಸವಾಗಿ ಹುಗಿದು, ಸೈಕಲ್ ಕಡ್ಡಿ ಚುಚ್ಚಿ ಮೇಲೆ ಎಷ್ಟು ಮಣ್ಣಿದೆ ಎಂದು ಅಳೆದೆವು. ಕಡ್ಡಿ ಟಕ್ ಎಂದಲ್ಲಿ ಉಗುರಿಟ್ಟು ಸ್ಕೇಲಿಗೆ ಹಿಡಿಯುವುದು, ಒಂದು ಹೆಂಚಿಗೆ ಐದು ಕಡೆ. ಬೇರಿನ ನಡುವೆ ವರ್ಷಕ್ಕೆ ಸುಮಾರು ಐದು ಮಿ.ಮೀ. ಮಣ್ಣು ಕೂತಿತ್ತು, ಬಯಲು ರಾಡಿಯಲ್ಲಿ ಒಂದೆರಡೂ ಇಲ್ಲ. ಮೊದಲ ಆರು ತಿಂಗಳ ಅಳತೆ ಬಿಟ್ಟುಬಿಡಿ, ಅಗೆದ ಮಣ್ಣು ಕುಸಿಯುತ್ತಿರುತ್ತದೆ.

ಒಂದು ಕಡೆ ಗಾಳಿಮರದ ಟೊಂಗೆ ಹೆಣೆದು ಮೊಳಕಾಲೆತ್ತರದ ಬೇಲಿಯನ್ನೂ ಹಾಕಿದೆವು. ಮಣ್ಣು ಬೇಗ ಕೂತಿತು, ಆದರೆ ಒತ್ತಾಗಿ ಹೆಣೆದಲ್ಲಿ ನೀರು ನಿಂತು ಉಪ್ಪಟಿಯ ಉಸಿರುಬೇರು ಕೊಳೆಯಿತು. ಸಡಿಲ ಹೆಣಿಗೆಯೇ ಸರಿ. ಬೇಲಿಯನ್ನು ಯಾವ ಕೋನಕ್ಕೆ ಬಾಗಿಸಬೇಕೆಂಬುದನ್ನು ಇಲ್ಲಿ ಬರೆಯುವುದಿಲ್ಲ, ಬಂದವರಿಗೆ ರಾಡಿಯಲ್ಲೇ ತೋರಿಸುತ್ತೇವೆ. ಬರುವುದಾದರೆ ಅಮಾವಾಸ್ಯೆಯ ಆಸುಪಾಸಿನಲ್ಲಿ ಬನ್ನಿ, ಆಗ ಇಳಿತ ಚೆನ್ನಾಗಿ ಸಿಗುತ್ತದೆ.