ಆರ್‌ಎನ್‌ಎ ತಿದ್ದುವ ಕಿಣ್ವದ ರಚನೆಯನ್ನು ಪರದೆಯ ಮೇಲೆ ಓದುವ ಬಗೆ

ಪ್ರೋಟೀನಿನ ಹರಳು ಬೆಳೆಸಿ ಎಕ್ಸ್-ಕಿರಣ ಹಾಯಿಸುವ ಸೌಲಭ್ಯ ವಿಜಯಪುರ, ಬಾಗಲಕೋಟೆಗಳ ಕಾಲೇಜು ಪ್ರಯೋಗಾಲಯದಲ್ಲಿ ಇಲ್ಲದಿದ್ದರೂ, ಅಲ್ಲಿನ ಎಂ.ಎಸ್ಸಿ. ವಿದ್ಯಾರ್ಥಿ ಇಂಥ ರಚನೆಯನ್ನು ಪರಮಾಣುವಿನ ಮಟ್ಟದಲ್ಲಿ ನೋಡಬಹುದು. ಪ್ರೋಟೀನ್ ರಚನೆಗಳನ್ನು ಕೂಡಿಟ್ಟ ಜಾಲತಾಣವಾದ ಪ್ರೋಟೀನ್ ಡೇಟಾ ಬ್ಯಾಂಕ್ ಎಲ್ಲರಿಗೂ ಉಚಿತ. ಅದರ ಮೋಲ್‌ಸ್ಟಾರ್ ವೀಕ್ಷಕ ಬ್ರೌಸರಿನಲ್ಲೇ ತೆರೆಯುತ್ತದೆ.

ಮೊದಲು ಈ ಕಿಣ್ವದ ಕೆಲಸ ತಿಳಿದಿರಲಿ. ಅಡಾರ್-2 ಎಂಬ ಕಿಣ್ವವು ಎರಡೆಳೆ ಆರ್‌ಎನ್‌ಎಯ ನಾಲ್ಕು ‘ಅಕ್ಷರ’ಗಳಲ್ಲಿ ಒಂದಾದ ಅಡೆನೊಸಿನ್‌ನಿಂದ ಅಮೈನೊ ಗುಂಪನ್ನು ತೆಗೆದು ಅದನ್ನು ಇನೊಸಿನ್ ಮಾಡುತ್ತದೆ. ಪ್ರೋಟೀನ್ ಕಟ್ಟುವ ರೈಬೊಸೋಮು ಇನೊಸಿನ್ನನ್ನು ಗ್ವಾನೊಸಿನ್ ಎಂದೇ ಓದುತ್ತದೆ. ಮಿದುಳಿನ ಗ್ಲುಟಮೇಟ್ ಗ್ರಾಹಕದ ಜಿಎಲ್‌ಯುಎ-2 ಘಟಕದಲ್ಲಿ ಹೀಗೆ ಒಂದು ಗ್ಲುಟಮೀನ್ ಸಂಕೇತ ಆರ್ಜಿನೀನ್ ಸಂಕೇತವಾಗುತ್ತದೆ, ಅದರಿಂದ ಆ ನಾಳದೊಳಗೆ ಕ್ಯಾಲ್ಸಿಯಂ ನುಗ್ಗುವುದು ತಡೆಯಲ್ಪಡುತ್ತದೆ. ಈ ತಿದ್ದುಪಡಿ ನಡೆಯದ ಇಲಿಮರಿಗಳು ಸೆಳವಿನಿಂದ ಬೇಗನೆ ಸಾಯುತ್ತವೆ.

ಈಗ 2005ರಲ್ಲಿ ಪ್ರಕಟವಾದ, ಅಡಾರ್-2ರ 1ಝಡ್‌ವೈ7 (1ZY7) ರಚನೆಯ ಗುರುತನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಹುಡುಕಿ, ಮೂರು ಆಯಾಮದ ನೋಟವನ್ನು ತೆರೆಯಿರಿ. ಪಟ್ಟಿಯಂತೆ ಸುತ್ತಿಕೊಂಡ ಇಡೀ ಪ್ರೋಟೀನನ್ನು ತಿರುಗಿಸುತ್ತ ಕೂರಬೇಡಿ; ಸತುವಿನಿಂದ ಆರಂಭಿಸಿ. ಸತುವಿನ ಅಯಾನನ್ನು ಕ್ಲಿಕ್ ಮಾಡಿದರೆ ಸುತ್ತಲಿನ ಅಮೈನೊ ಆಮ್ಲಗಳು ಕಾಣಿಸಿಕೊಳ್ಳುತ್ತವೆ: ಹಿಸ್ಟಿಡಿನ್ 394, ಸಿಸ್ಟೀನ್ 451 ಮತ್ತು 516, ಜೊತೆಗೆ ಒಂದು ನೀರಿನ ಅಣು. ಅಡೆನೊಸಿನ್ ಮೇಲೆ ದಾಳಿ ಮಾಡುವುದು ಆ ನೀರೇ. ಪಕ್ಕದ ಗ್ಲುಟಮೇಟ್ 396 ಪ್ರೋಟಾನನ್ನು ಸಾಗಿಸುತ್ತದೆ. ಹಾಗೆಯೇ ಒಳಕ್ಕೆ ಸರಿದರೆ ಆರು ಫಾಸ್ಫೇಟುಗಳ ಇನೊಸಿಟಾಲ್ ಅಣುವೊಂದು ಪ್ರೋಟೀನಿನ ಗರ್ಭದಲ್ಲಿ ಪೂರ್ತಿ ಹುದುಗಿರುವುದು ಕಾಣುತ್ತದೆ. ಈ ಅಣುವನ್ನು ತಯಾರಿಸಲಾಗದ ಯೀಸ್ಟಿನಲ್ಲಿ ಬೆಳೆಸಿದ ಅಡಾರ್-2 ಕೆಲಸವನ್ನೇ ಮಾಡದು ಎಂಬುದು ನನಗೆ ಈ ರಚನೆಯ ಅತ್ಯಂತ ಬೆರಗಿನ ಸಂಗತಿ.

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ: ಆರ್‌ಎನ್‌ಎಯ ಎರಡೆಳೆ ಸುರುಳಿಯೊಳಗೆ ಜೋಡಿ ಕಟ್ಟಿಕೊಂಡ ಅಡೆನೊಸಿನ್ ಇಷ್ಟು ಆಳದ ಸತುವಿನ ಬಳಿಗೆ ಬರುವುದು ಹೇಗೆ? ಉತ್ತರಕ್ಕೆ, ಕಿಣ್ವ ಆರ್‌ಎನ್‌ಎಯನ್ನು ಹಿಡಿದಿರುವ 2016ರ 5ಇಡಿ1 (5ED1) ರಚನೆಯನ್ನು ಇನ್ನೊಂದು ಟ್ಯಾಬಿನಲ್ಲಿ ತೆರೆದು, ಮೇಲಿನ ಅನುಕ್ರಮ ಪಟ್ಟಿಯಲ್ಲಿ 488ನೇ ಸ್ಥಾನವನ್ನು ಒತ್ತಿ. ತಿದ್ದಬೇಕಾದ ಬೇಸ್ (ಆರ್‌ಎನ್‌ಎ ಅಕ್ಷರದ ಜೋಡಿ ಕಟ್ಟುವ ಭಾಗ) ಸುರುಳಿಯಿಂದ ಹೊರಗೆ ಮಗುಚಿ ಸತುವಿನತ್ತ ನಿಂತಿರುತ್ತದೆ. ಅದು ಬಿಟ್ಟುಹೋದ ತೆರವಿಗೆ 488ನೇ ಅಮೈನೊ ಆಮ್ಲ ಕಿರುತೋಡಿನ (ಸುರುಳಿಯ ಎರಡು ತೋಡುಗಳಲ್ಲಿ ಚಿಕ್ಕದರ) ಕಡೆಯಿಂದ ತೂರಿ, ಒಂಟಿಯಾದ ಎದುರು ಬೇಸಿನೊಡನೆ ಹೈಡ್ರೋಜನ್ ಬಂಧ ಏರ್ಪಡಿಸಿಕೊಂಡಿರುತ್ತದೆ. ಸಹಜ ಕಿಣ್ವದಲ್ಲಿ ಇಲ್ಲಿ ಗ್ಲುಟಮೇಟ್ ಇರುತ್ತದೆ, ಈ ರಚನೆಯಲ್ಲಿ ಗ್ಲುಟಮೀನ್ ಇದೆ. ಗ್ಲುಟಮೇಟ್ ಆ ಬಂಧಕ್ಕಾಗಿ ಪ್ರೋಟಾನನ್ನು ಪಡೆಯಬೇಕು, ಗ್ಲುಟಮೀನಿಗೆ ಆ ಅಗತ್ಯವಿಲ್ಲ. ಆದ್ದರಿಂದಲೇ ಬದಲಿಸಿದ ಕಿಣ್ವ ಹೆಚ್ಚು ಚುರುಕು. ಪಕ್ಕದ ಗ್ಲೈಸೀನ್ 489ನ್ನೂ ನೋಡಿ: ಗುರಿಯ ಬೇಸಿನ ಹಿಂದೆಯೇ ಗ್ವಾನೀನ್ ಇದ್ದರೆ ಅದು ಇಲ್ಲಿ ತಗಲುವುದರಿಂದ ಅಂಥ ತಾಣಗಳು ಕಿಣ್ವಕ್ಕೆ ಒಗ್ಗುವುದಿಲ್ಲ.

ಎರಡೂ ರಚನೆಗಳಲ್ಲಿರುವುದು ಕಿಣ್ವದ ಕ್ರಿಯಾಭಾಗ, ಅಂದರೆ ತಿದ್ದುವ ಕೆಲಸ ಮಾಡುವ ಭಾಗ, ಮಾತ್ರ ಎಂಬುದನ್ನು ವರದಿಯಲ್ಲಿ ತಪ್ಪದೆ ಬರೆಯಿರಿ. ಆರ್‌ಎನ್‌ಎಯನ್ನು ಹಿಡಿಯುವ ಎರಡು ಬಂಧಕ ಭಾಗಗಳು ಇವುಗಳಲ್ಲಿಲ್ಲ. ಅವುಗಳಲ್ಲೊಂದನ್ನು ನೋಡಲು 2020ರ 6ವಿಎಫ್‌ಎಫ್ (6VFF) ತೆರೆಯಿರಿ. ಅಲ್ಲಿ ಎರಡು ಅಡಾರ್-2 ಅಣುಗಳು ಜೋಡಿಯಾಗಿದ್ದರೂ, ಒಂದರ ಕ್ರಿಯಾಭಾಗ ಮಾತ್ರ ಗುರಿಯ ಬೇಸಿನ ಮೇಲೆ ಕುಳಿತಿರುತ್ತದೆ.